ನೀಲಿ ಗವಸಿನ ಮೇಲೆ ಮೂಡಿದ ಮುಖಗಳು

ನೀರನ್ನು ಬೆರಳ ತುದಿಯಿಂದ ಮುಟ್ಟಿಯೇ ಅದು ಗಡುಸೋ ಮೆದುವೋ ಎಂದು ಅರಿಯುವವಳು. ಬಿಸಿಲಿನ ಹದವನ್ನು ಹಗ್ಗದ ನೆರಳಿನಲ್ಲಿ ಓದುವವಳು. ಪರರ ಬಟ್ಟೆಯ ಕಲೆಯನ್ನು ಕಂಡರೂ ಆ ಕಲೆಯ ಕಥೆಯನ್ನು ಇನ್ನೊಬ್ಬರ ಕಿವಿಗೆ ಹಾಕದವಳು. ಸಿಟ್ಟು ಬಂದರೆ ಒದ್ದೆ ಚಾದರವನ್ನು ಇನ್ನೊಂದು ಸುತ್ತು ಹಿಂಡಿ ಅಲ್ಲಿಗೇ ಮುಗಿಸುವವಳು, ನಗು ಬಂದರೆ ಮಾತ್ರ ಯಾವ ಸುತ್ತಿನಿಂದಲೂ ತಡೆಯಲಾರದವಳು. ತಿಳಿಯದ್ದನ್ನು ತಿಳಿದೆನೆಂದು ಎಂದೂ ಹೇಳದವಳು, ಹಾಗೆಂದು ತಿಳಿಯದ್ದನ್ನು ತಿಳಿಯದೆ ಬಿಡದವಳು. ಬೆಳಗಿನ ಮೊದಲ ಬಕೆಟ್ಟನ್ನು ನಲ್ಲಿಯ ಕೆಳಗಿಡುವ ಮುನ್ನ ನೀರನ್ನು ಸೃಷ್ಟಿಸಿದವನನ್ನು ತುಟಿ ಅಲುಗದಂತೆ ನೆನೆಯುವವಳು. ಇಷ್ಟು ಗುಣಗಳನ್ನು ಒಂದೇ ಮೈಯಲ್ಲಿ ಮಡಿಸಿಟ್ಟುಕೊಂಡಿದ್ದ ಹೆಂಗಸೊಬ್ಬಳು ದುಡಿಯುವ ಹೆಣ್ಣುಮಕ್ಕಳ ವಸತಿಗೃಹವೊಂದರ ಒಗೆತದ ಕೋಣೆಯನ್ನು ನೋಡಿಕೊಳ್ಳುತ್ತಿದ್ದಳು. ಅವಳಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮೂರಂತಸ್ತಿನ ಆ ಕಟ್ಟಡದಲ್ಲಿ ಹಾಸಿಗೆ ಹಾಸಿಕೊಂಡ ಪ್ರತಿಯೊಬ್ಬ ಹುಡುಗಿಗೂ ಅವಳು ಇಸ್ತ್ರಿಯತ್ತೆ.

ಅತ್ತೆಯ ರಾಜ್ಯ ಮೇಲ್ಮಹಡಿಯಲ್ಲಿತ್ತು. ಒಳಗೆ ಕಲ್ಲಿನ ತೊಟ್ಟಿ, ಬಿಸಿನೀರಿನ ದೊಡ್ಡ ಪಾತ್ರೆ, ಕಿಟಕಿಯ ಕೆಳಗೆ ಅಗಲವಾದ ಇಸ್ತ್ರಿಯ ಮೇಜು; ಹೊರಗೆ ಗೋಡೆಯಿಂದ ಗೋಡೆಗೆ ಬಿಗಿದ ಹಗ್ಗಗಳು. ಬಟ್ಟೆ ನೀರಿಗೆ ಬೀಳುವ ಮೊದಲು ಅವಳ ಕೈಯಿಂದ ಒಮ್ಮೆ ಹಾದುಹೋಗಲೇಬೇಕು. ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡಿ, ಉಣ್ಣೆಯನ್ನು ಒಂದೆಡೆ, ಹತ್ತಿಯನ್ನು ಒಂದೆಡೆ, ನುಣುಪಾದ ನೈಲಾನನ್ನು ಮತ್ತೊಂದೆಡೆ ರಾಶಿ ಹಾಕುವುದು ಕ್ರಮ. ಇದನ್ನು ಅವಳು 'ಮೈ ನೋಡುವುದು' ಎನ್ನುತ್ತಿದ್ದಳು. ಯಾವ ಹಾಸಿಗೆಯ ಬಟ್ಟೆ ಯಾವುದೆಂದು ತಿಳಿಯಲು ಮೂಲೆಯಲ್ಲಿ ಒಂದೊಂದು ಬಣ್ಣದ ನೂಲಿನ ಹೊಲಿಗೆ ಹಾಕಿರುತ್ತಿದ್ದಳು. ಬಣ್ಣದ ಬಟ್ಟೆಗೆ ಬ್ಲೀಚ್ ಸೋಕಿಸಿದ ಪಾಪವನ್ನು ಅವಳು ಜನ್ಮದಲ್ಲಿ ಮಾಡಿದವಳಲ್ಲ.

ಆದುದರಿಂದಲೇ ಆ ದಿನ ಮೇಲ್ವಿಚಾರಕಿಯು ಮೆಟ್ಟಿಲು ಹತ್ತಿ ಬಂದು ಮೇಜಿನ ಮೇಲೆ ದಿಂಬಿನ ಗವಸುಗಳನ್ನು ಹರಡಿದಾಗ, ಅತ್ತೆಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಮೇಲ್ವಿಚಾರಕಿ ಕೆಟ್ಟ ಹೆಂಗಸಲ್ಲ. ನೆಟ್ಟಗೆ ನಡೆಯುವ, ನೆಟ್ಟಗೆ ಮಾತಾಡುವ ಹೆಂಗಸು. ವಸತಿಗೃಹದ ಬಿಳಿ ಗವಸುಗಳು ಬೇಗ ಕೊಳೆಯಾಗಿ ಕಾಣುತ್ತವೆಂದು, ಸಂಸ್ಥೆಯ ಹಿರಿಯರನ್ನು ಒಪ್ಪಿಸಿ, ಕಡುನೀಲಿಯ ಹೊಸ ಗವಸುಗಳನ್ನು ತಾನೇ ಅಂಗಡಿಗೆ ಹೋಗಿ ಆರಿಸಿ ತಂದಿದ್ದಳು. ಆ ನೀಲಿಯ ಮೇಲೆ ಈಗ ಕಿತ್ತಳೆಗೆಂಪಿನ ಮಾಸಲು ಮಚ್ಚೆಗಳು ಎದ್ದಿದ್ದವು.

"ಏನಿದು?" ಎಂದಳು ಮೇಲ್ವಿಚಾರಕಿ.

"ಅದನ್ನೇ ನಾನೂ ನೋಡ್ತಿದೀನಿ ಮೇಡಂ."

"ಬ್ಲೀಚ್ ಹಾಕಿದೀರಿ."

"ದೇವರಾಣೆ ಇಲ್ಲ. ಬಣ್ಣದ ಬಟ್ಟೆ ಇರೋ ಕಡೆ ಆ ಬಾಟ್ಲೀನ ನಾನು ಇಡೋದೇ ಇಲ್ಲ. ಬೇಕಾದ್ರೆ ಮೂಸಿ ನೋಡಿ."

ಮೇಲ್ವಿಚಾರಕಿ ನಿಜವಾಗಿಯೂ ಮೂಸಿದಳು. ಸಾಬೂನಿನ ವಾಸನೆಯ ಹೊರತು ಏನೂ ಬರಲಿಲ್ಲ. ಅವಳ ದನಿ ಸ್ವಲ್ಪ ಇಳಿಯಿತು. "ನೋಡಿ, ನಿಮ್ಮ ಮೇಲೆ ನಂಗೇನೂ ದ್ವೇಷ ಇಲ್ಲ. ಒಗೆಯೋದನ್ನೆಲ್ಲ ಹೊರಗಿನ ಮೆಷಿನ್ ಲಾಂಡ್ರಿಗೆ ಕೊಟ್ಬಿಡೋಣ ಅಂತ ಹಿರಿಯರು ಆಗಲೇ ಹೇಳ್ತಿದಾರೆ. ನಾನೇ ತಡೆದು ನಿಲ್ಸಿದೀನಿ. ಮುಂದಿನ ತಿಂಗಳು ಅಧ್ಯಕ್ಷೆ ಕೋಣೆ ನೋಡೋಕೆ ಬರ್ತಾರೆ. ಆಗಲೂ ಹೀಗೇ ಇದ್ರೆ, ಯಾಕೆ ಅಂತ ನಿಮ್ಮ ಹತ್ರ ಉತ್ತರ ಇಲ್ದಿದ್ರೆ, ಈ ಕೋಣೆಗೆ ಬೀಗ ಬೀಳುತ್ತೆ."

ಅವಳು ಇಳಿದುಹೋದ ಮೇಲೆ ಅತ್ತೆ ಒಂದು ಒದ್ದೆ ಚಾದರವನ್ನು ಬೇಕಾದುದಕ್ಕಿಂತ ಗಟ್ಟಿಯಾಗಿ ಹಿಂಡಿದಳು. ಕೆಲಸ ಹೋಗುವ ಭಯ ಒಂದು ಕಡೆಗಿರಲಿ, ಬಟ್ಟೆ ಹಾಳುಮಾಡಿದವಳೆಂಬ ಹೆಸರನ್ನು ಹೊತ್ತು ಮೆಟ್ಟಿಲಿಳಿಯುವುದು ಅವಳಿಂದಾಗದ ಮಾತು. ಆದರೆ ಚಾದರವನ್ನು ಹಗ್ಗಕ್ಕೆ ಹಾಕುವಷ್ಟರಲ್ಲಿ ಭಯದ ಜಾಗದಲ್ಲಿ ಇನ್ನೊಂದು ಭಾವ ಬಂದು ಕುಳಿತಿತ್ತು. ನೀಲಿಯನ್ನು ತಿಂದದ್ದು ಯಾವುದು?

ಗವಸುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದೇ ತೊಟ್ಟಿಯಲ್ಲಿ, ಒಂದೇ ನೀರಿನಲ್ಲಿ ಒಗೆದ ಗವಸುಗಳಲ್ಲಿ ಬೇರೆಲ್ಲವೂ ಹೊಸದಾಗಿ ತಂದಂತಿದ್ದವು. ಮಚ್ಚೆಯೆದ್ದವುಗಳ ಮೂಲೆಯಲ್ಲಿ ಕೆಂಪು, ಹಳದಿ, ಹಸಿರು ನೂಲು. ಮೂರೂ ಒಂದೇ ಕೋಣೆಯ ಹಾಸಿಗೆಗಳು. ಅಂದಮೇಲೆ ತಪ್ಪು ತೊಟ್ಟಿಯದಲ್ಲ, ಸಾಬೂನಿನದಲ್ಲ, ಬಿಸಿಲಿನದೂ ಅಲ್ಲ.

ಸಂಜೆ ಮನೆಯಲ್ಲಿ ಗಂಡನ ಮುಂದೆ ಗವಸುಗಳನ್ನು ಹರಡಿದಳು. ಆತ ಬಸ್ಸಿನ ವರ್ಕ್‌ಶಾಪಿನಲ್ಲಿ ಎಂಜಿನ್ನುಗಳ ಕೆಳಗೆ ಮಲಗಿ ಆಯುಷ್ಯ ಕಳೆದು ನಿವೃತ್ತನಾದವನು. ಲೋಕದ ಸಮಸ್ತ ಕಷ್ಟಗಳೂ ಆತನಿಗೆ ಒಂದಲ್ಲ ಒಂದು ಬಗೆಯ ಸೋರಿಕೆಯೇ.

"ಎಣ್ಣೆ ಎಲ್ಲಿ ಬಿದ್ದಿದೆ ಅಂತ ನೋಡಿದ್ರೆ ನೆಲ ಒರೆಸ್ತಾ ಕೂತಿರ್ಬೇಕು ಕಣೇ. ಎಲ್ಲಿಂದ ಬಿತ್ತು ಅಂತ ನೋಡು. ಆ ಕಲೆ ಮೇಲೇನೇ ಗಾಡೀನ ತಂದು ನಿಲ್ಸಿ ನೋಡು."

"ದಿಂಬಿನ ಮೇಲೆ ಯಾವ ಗಾಡಿ ನಿಲ್ಲುತ್ತೆ?"

"ತಲೆ."

ಅತ್ತೆ ಹಳದಿ ನೂಲಿನ ಗವಸಿಗೆ ದಿಂಬು ತುರುಕಿ, ಅದರ ಮೇಲೆ ಮಗ್ಗುಲಾಗಿ ಕೆನ್ನೆಯಿಟ್ಟು ಮಲಗಿದಳು. ಗಂಡ ಬಗ್ಗಿ ನೋಡಿದ. ಮಚ್ಚೆ ಸರಿಯಾಗಿ ಅವಳ ಕೆನ್ನೆಯ ಕೆಳಗಿತ್ತು. ಕೆಂಪು ನೂಲಿನದರಲ್ಲಿ ಹಣೆ, ಮೂಗು, ಗಲ್ಲಗಳು ಸೋಕುವಲ್ಲೆಲ್ಲ ಮಚ್ಚೆ. ಬೋರಲು ಮಲಗುವ ಹುಡುಗಿಯಿರಬೇಕು. ಹಸಿರಿನದರಲ್ಲಿ ದವಡೆಯ ಅಂಚಿನಷ್ಟೇ ಗೆರೆ. ಬಟ್ಟೆಯ ಮೇಲೆ ಮೂರು ಮುಖಗಳು ತಮ್ಮ ಗುರುತು ಬಿಟ್ಟು ಎದ್ದುಹೋಗಿದ್ದವು.

"ಅಯ್ಯೋ, ಆ ಮಗು ಅಳ್ತಿದೆ ಕಣ್ರೀ!" ಎಂದಳು ಅತ್ತೆ, ಕೆನ್ನೆ ಮುಟ್ಟಿಕೊಳ್ಳುತ್ತ. "ಕಣ್ಣೀರಿನ ಉಪ್ಪು ಬಣ್ಣ ತಿಂದಿದೆ."

ಹಳದಿ ನೂಲಿನ ಹಾಸಿಗೆಯವಳು ಕೆಲವು ವಾರಗಳಿಂದ ಮುಖಕ್ಕೆ ಸ್ಕಾರ್ಫ್ ಸುತ್ತಿಕೊಂಡು, ತಲೆ ತಗ್ಗಿಸಿ ಓಡಾಡುತ್ತಿದ್ದುದು ಅವಳ ನೆನಪಿಗೆ ಬಂದಿತ್ತು. ಆದರೆ ಅತ್ತೆ ಊಹೆಯನ್ನು ಪರೀಕ್ಷೆಯಿಲ್ಲದೆ ಒಪ್ಪುವವಳಲ್ಲ. ನೀಲಿ ಗವಸಿನ ಒಳಹೊಲಿಗೆಯಿಂದ ಚೂರು ಬಟ್ಟೆ ಕತ್ತರಿಸಿದಳು. ಕಣ್ಣೀರು ಬೇಕಿತ್ತು. ತನಗೆ ಬೇಕೆಂದಾಗ ಅಳು ಬರುವುದಿಲ್ಲವೆಂದು ಗಂಡನ ಮುಂದೆ ಈರುಳ್ಳಿಯ ಬುಟ್ಟಿಯನ್ನೂ ಚಾಕುವನ್ನೂ ಇಟ್ಟಳು.

"ಮದುವೆಯಾದಾಗಿಂದ ನನ್ನ ಕಣ್ಣಲ್ಲಿ ನೀರು ತರ್ಸಿದ್ದು ಸಾಲ್ದಾ? ಈಗ ಅದನ್ನ ಬಟ್ಟೇಲಿ ಬೇರೆ ಹಿಡೀಬೇಕಾ?"

"ಮಾತಾಡಬೇಡಿ, ಹೆಚ್ಚಿ. ಬಗ್ಗಿ, ಇನ್ನೂ ಹತ್ರ. ಆ ಬಂತು, ಬಂತು, ಅಲ್ಲಾಡಬೇಡಿ!"

ಬಸ್ಸಿನ ಮೆಕ್ಯಾನಿಕ್ಕು ಧಾರಾಳವಾಗಿ ಅತ್ತ. ಚೂರು ಬಟ್ಟೆ ತೊಯ್ದು, ಒಣಗಿ, ಮರುದಿನವೂ ಕಡುನೀಲಿಯಾಗಿಯೇ ಉಳಿಯಿತು. ಉಪ್ಪುನೀರಿನಲ್ಲಿ ನೆನೆಹಾಕಿದ ಇನ್ನೊಂದು ಚೂರೂ ಹಾಗೆಯೇ. ಕಣ್ಣೀರು ನಿರಪರಾಧಿಯೆಂದು ತೀರ್ಮಾನವಾಯಿತು.

ಇನ್ನು ಮುಖಗಳನ್ನೇ ಕೇಳಬೇಕು. ರಜೆಯ ದಿನದ ಬೆಳಿಗ್ಗೆ, ಮಡಿಸಿದ ಚಾದರಗಳನ್ನು ತೋಳಿನ ಮೇಲೆ ಹೊತ್ತು ಅತ್ತೆ ಆ ಕೋಣೆಯ ಬಾಗಿಲು ತಟ್ಟಿದಳು.

ಕೋಣೆಯಲ್ಲಿ ಮೂವರು ಹುಡುಗಿಯರಿದ್ದರು. ಕೆಂಪು ನೂಲಿನ ಹಾಸಿಗೆ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವಳದು. ಮಾತೂ ನಗುವೂ ಅವಳಲ್ಲಿ ಹಿಟ್ಟಿನಂತೆ ಉಬ್ಬಿ ಬರುತ್ತಿದ್ದವು. ಹಳದಿಯದು, ಏಸಿ ಕೋಣೆಯಲ್ಲಿ ದಿನವಿಡೀ ಗಿರಾಕಿಗಳ ಫೋನಿಗೆ ಉತ್ತರಿಸುವ, ಸಣ್ಣ ದನಿಯ ಹುಡುಗಿಯದು. ಹಸಿರಿನದು, ಹೆಲ್ಮೆಟ್ ತೊಟ್ಟು ಸ್ಕೂಟರಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವವಳದು. ಅತ್ತೆಯ ಬಾಯಲ್ಲಿ ಅವರು ಒಲೆಯವಳು, ಫೋನಿನವಳು, ಗಾಡಿಯವಳು.

"ಕೂತ್ಕೊಳ್ಳಿ ಅತ್ತೆ," ಎಂದು ಒಲೆಯವಳು ಹಾಸಿಗೆ ಕೊಡವಿದಳು.

ಅತ್ತೆ ಕೂರಲಿಲ್ಲ. ಫೋನಿನವಳ ಬಳಿಗೆ ಹೋಗಿ, ದನಿ ತಗ್ಗಿಸಿ, "ನಿಜ ಹೇಳಮ್ಮ, ದಿಂಬಿನ ಮೇಲೆ ಮುಖ ಇಟ್ಟು ಏನು ಮಾಡ್ತೀಯಾ?" ಎಂದಳು.

"ಮಲಗ್ತೀನಿ ಅತ್ತೆ," ಎಂದಳು ಆಕೆ ಕಕ್ಕಾಬಿಕ್ಕಿಯಾಗಿ.

ಗಾಡಿಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂಥಾ ಕಳ್ಳತನ ಹಿಡಿದ್ರಿ ಅತ್ತೆ! ದಿಂಬಿನ ಮೇಲೆ ಮಲಗ್ತಾಳಂತೆ, ನೋಡಿ ಧೈರ್ಯ!"

ಅತ್ತೆಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಗವಸುಗಳನ್ನು ಹರಡಿ, ಮೇಲ್ವಿಚಾರಕಿ ಆಡಿದ ಮಾತನ್ನೂ ಬೀಳಲಿರುವ ಬೀಗವನ್ನೂ, ಗಂಡನ ಈರುಳ್ಳಿಯ ಅಳುವಿನ ಸಹಿತ ಹೇಳಿದಳು. ಹುಡುಗಿಯರ ನಗು ನಿಂತಿತು. ಮೂವರ ಕಣ್ಣುಗಳೂ ಒಟ್ಟಿಗೆ ಕಿಟಕಿಯ ಕಟ್ಟೆಯ ಕಡೆಗೆ ಹೊರಳಿದವು. ಅಲ್ಲಿ ಬಾಲದಿಂದ ಸುರುಳಿ ಸುತ್ತುತ್ತ ಬಂದು, ಕೊರಳಿನ ತನಕ ಚಪ್ಪಟೆಯಾಗಿದ್ದ ಒಂದು ಟ್ಯೂಬು ಬಿದ್ದಿತ್ತು.

"ಮೊಡವೆ ಮುಲಾಮು ಅತ್ತೆ," ಎಂದಳು ಒಲೆಯವಳು. "ಒಲೆ ಮುಂದೆ ನಿಂತೂ ನಿಂತೂ ನನ್ನ ಮುಖ ಎಲ್ಲ ಜಿಡ್ಡು, ಎಲ್ಲ ಗುಳ್ಳೆ. ಬೇಕರಿ ಪಕ್ಕದ ಔಷಧಿ ಅಂಗಡೀಲಿ ಇದನ್ನ ಕೊಟ್ರು. ದೇವರು ಬಂದ ಹಾಗೆ ಬಂತು. ನಂಗೆ ಇಷ್ಟು ಒಳ್ಳೇದಾಗಿರೋವಾಗ ಇವರಿಬ್ರಿಗೂ ಕೊಡದೆ ನಾನೊಬ್ಬಳೇ ಹಚ್ಕೊಳ್ಳೋದು ಹೇಗೆ ಹೇಳಿ?"

ಆ ಕೋಣೆಯ ನೀತಿಯೇ ಅದಾಗಿತ್ತು. ಬಾಚಣಿಗೆ ಒಂದು, ಕೊಡೆ ಒಂದು. ಒಬ್ಬಳಿಗೆ ಬ್ರೆಡ್ಡು ಸಿಕ್ಕರೆ ಮೂರು ಪಾಲು. ಹಂಚಿಕೊಂಡು ಬಾಳುವ ಈ ಒಳ್ಳೆಯ ಮನಸ್ಸೇ ಟ್ಯೂಬನ್ನೂ ಮೂರು ಮುಖಗಳಿಗೆ ಸಮವಾಗಿ ಹಂಚಿತ್ತು.

ಅತ್ತೆ ಫೋನಿನವಳ ಸ್ಕಾರ್ಫಿನತ್ತ ನೋಡಿದಳು. "ತೆಗಿ, ನೋಡೋಣ."

ಅವಳು ಬಾಗಿಲ ಕಡೆ ಒಮ್ಮೆ ನೋಡಿ ಸ್ಕಾರ್ಫನ್ನು ಜಾರಿಸಿದಳು. ಎರಡು ಕೆನ್ನೆಗಳೂ ಕೆಂಪೇರಿ, ಬಿಗಿದು, ಬೂದಿಯಂತೆ ಸಿಪ್ಪೆ ಏಳುತ್ತಿದ್ದವು. ಸಿಪ್ಪೆಯ ನಡುವೆ ಮೊಡವೆಗಳು ಹಾಗೆಯೇ ಇದ್ದವು. ಕಾದ ಇಸ್ತ್ರಿಯನ್ನು ತೆಳು ಬಟ್ಟೆಯ ಮೇಲೆ ಮರೆತುಬಿಟ್ಟರೆ ಆಗುವ ಗಾಯ ಅತ್ತೆಗೆ ಗೊತ್ತು. ಅವಳಿಗೆ ಕಂಡದ್ದು ಅದೇ.

"ಇಷ್ಟು ಉರೀತಿದ್ರೂ ಯಾಕೆ ಹಚ್ತೀಯೇ?"

"ಉರಿದ್ರೆ ಕೆಲಸ ಮಾಡ್ತಿದೆ ಅಂದ್ಕೊಂಡೆ. ಇವಳಿಗೆ ವಾಸಿಯಾಯ್ತು, ನಂಗೆ ಆಗ್ತಿಲ್ಲ, ಅದಕ್ಕೆ ಇನ್ನೂ ದಪ್ಪಕ್ಕೆ ಹಚ್ಚಿದೆ."

ಅತ್ತೆ ಟ್ಯೂಬಿನ ಕೊರಳನ್ನು ಹಿಸುಕಿ, ನೀಲಿ ಚೂರಿನ ಮೇಲೆ ಕಡಲೆಯಷ್ಟು ಒತ್ತಿಕೊಂಡು ಹೋದಳು. ಮರುದಿನ ತೊಳೆದು ನೋಡಿದರೆ, ಕಡುನೀಲಿಯ ನಡುವೆ ಕಿತ್ತಳೆಗೆಂಪಿನ ಮಾಸಲು ಮಚ್ಚೆ ಅರಳಿತ್ತು. ಬಣ್ಣ ತಿಂದ ಕಳ್ಳ ಸಿಕ್ಕಿಬಿದ್ದಿದ್ದ. ಅವಳು ಆ ಚೂರನ್ನು ಗೆದ್ದ ಬಾವುಟದಂತೆ ಹಿಡಿದು ಮೆಟ್ಟಿಲಿಳಿಯುತ್ತಿರುವಾಗ, ಕೆಲಸಕ್ಕೆ ಹೊರಟಿದ್ದ ಫೋನಿನವಳು ಎದುರಾದಳು. ಚೂರನ್ನು ಕಂಡವಳೇ ಅತ್ತೆಯ ಕೈ ಹಿಡಿದುಕೊಂಡಳು.

"ಮೇಡಂಗೆ ಹೇಳ್ಬೇಡಿ ಅತ್ತೆ. ಹೇಳಿದ್ರೆ ನನ್ನ ಕರೆದು ಮುಖ ನೋಡ್ತಾರೆ. ಆಮೇಲೆ ಊಟದ ಮನೇಲೆಲ್ಲ ಅದೇ ಮಾತು. ನಾನು ಫೋನಿನ ಕೆಲಸಕ್ಕೆ ಸೇರಿದ್ದೇ ಅಲ್ಲಿ ಯಾರಿಗೂ ಮುಖ ಕಾಣೋದಿಲ್ಲ ಅಂತ. ಹೇಳಿದ್ರೆ ನಾನು ಇಲ್ಲಿ ಇರಲಾರೆ."

ಅತ್ತೆ ಚೂರನ್ನು ಮಡಿಸಿ ಜೇಬಿಗಿಳಿಸಿದಳು. "ಹೇಳೋದಿಲ್ಲ ಹೋಗು. ಆದ್ರೆ ನೀನು ನನ್ನ ಒಂದು ಮಾತು ಕೇಳ್ಬೇಕು. ಮೊದಲು ಮುಖ, ಆಮೇಲೆ ದಿಂಬು. ಡಾಕ್ಟರ ಹತ್ರ ಹೋಗೋಣ. ಮೂವರೂ."

ಸಾರ್ವಜನಿಕ ಚಿಕಿತ್ಸಾಲಯದ ಚರ್ಮದ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿಕೊಂಡು, ಅದನ್ನು ಮೇಜಿನ ಮೇಲೆ ಹುಡುಕುವ ಸ್ವಭಾವದ ಹಿರಿಯ ಹೆಂಗಸು. ಮೂವರು ಹುಡುಗಿಯರ ಜೊತೆಗೆ ಯಾವ ಕಾಯಿಲೆಯೂ ಇಲ್ಲದ ನಾಲ್ಕನೆಯವಳು ಬಂದು ಮುಂದಿನ ಕುರ್ಚಿಯಲ್ಲೇ ಕುಳಿತದ್ದನ್ನು ಕಂಡು ಹುಬ್ಬೇರಿಸಿದಳು.

"ಇವರ ತಾಯೀನಾ?"

"ಇಲ್ಲ, ಇವರ ದಿಂಬು ಒಗೆಯೋಳು," ಎಂದಳು ಅತ್ತೆ.

ಕಥೆ ಕೇಳಿದ ಡಾಕ್ಟರು ಈರುಳ್ಳಿಯ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು. ಆ ಮುಲಾಮು ಮೊಡವೆಯ ಕ್ರಿಮಿಯನ್ನು ಕೊಲ್ಲುವ ಒಳ್ಳೆಯ ಔಷಧವೆಂದೂ, ಬಟ್ಟೆಯ ಬಣ್ಣ ತೆಗೆಯುವುದು ಅದರ ಹುಟ್ಟುಗುಣವೆಂದೂ, ಜಿಡ್ಡಿಲ್ಲದ ಚರ್ಮವನ್ನು ಇನ್ನಷ್ಟು ಒಣಗಿಸಿ ಕೆರಳಿಸುವುದೆಂದೂ ತಿಳಿಸಿದಳು. ಬಳಿಕ ಮೂವರಿಗೂ ಬರೀ ನೀರಿನಲ್ಲಿ ಮುಖ ತೊಳೆದು, ಏನೂ ಹಚ್ಚದೆ, ಹೊರಗಿನ ಬೆಂಚಿನಲ್ಲಿ ಕೂತಿರಲು ಹೇಳಿದಳು. ಬೇರೆ ರೋಗಿಗಳನ್ನು ನೋಡಿ ಮುಗಿಸಿ ಮತ್ತೆ ಕರೆದು, ಒಬ್ಬೊಬ್ಬರ ಹಣೆ, ಮೂಗು, ಕೆನ್ನೆಗಳಿಗೆ ತೆಳುವಾದ ಕಾಗದದ ಚೂರನ್ನು ಒತ್ತಿ, ಕಿಟಕಿಗೆ ಹಿಡಿದು ನೋಡಿದಳು.

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟಳು. ಡಾಕ್ಟರು ಕೂಡ ಮೈ ನೋಡುತ್ತಿದ್ದಾಳಲ್ಲ!

ಒಲೆಯವಳ ಕಾಗದ ಎಲ್ಲೆಡೆ ಜಿಡ್ಡು ಕುಡಿದು, ಆಚೆಯ ಬೆಳಕು ಕಾಣುವಂತಾಗಿತ್ತು. ಫೋನಿನವಳದು ಒಣಗಿದ ಕಾಗದವಾಗಿಯೇ ಬಂದು, ಜೊತೆಗೆ ಚರ್ಮದ ಪುಡಿಯನ್ನು ತಂದಿತ್ತು. ಗಾಡಿಯವಳ ಹಣೆ ಮೂಗುಗಳದು ಜಿಡ್ಡು, ಕೆನ್ನೆಯದು ಒಣಕಲು.

"ಇವಳಿಗೆ ಎರಡೂನಾ?" ಎಂದಳು ಅತ್ತೆ ಬೆರಗಿನಿಂದ.

"ಬಹಳ ಜನಕ್ಕೆ ಹಾಗೇ ಇರುತ್ತೆ."

"ಅಂದ್ರೆ ಉಣ್ಣೆಗೊಂದು ನೀರು, ಹತ್ತಿಗೊಂದು ನೀರು ಅನ್ನೋ ಹಾಗೆ, ಒಂದ್ಸಲ ವಿಂಗಡಿಸಿಬಿಟ್ರೆ ಆಯ್ತು."

"ಅಷ್ಟು ಸುಲಭ ಇಲ್ಲಮ್ಮ," ಎಂದು ಡಾಕ್ಟರು ನಕ್ಕಳು. "ಉಣ್ಣೆ ಯಾವತ್ತಿದ್ರೂ ಉಣ್ಣೇನೇ. ಚರ್ಮ ಚಳೀಲಿ ಒಂದು ಥರ, ಸೆಖೇಲಿ ಒಂದು ಥರ. ವಯಸ್ಸಾದ್ರೆ ಬದಲಾಗುತ್ತೆ, ಕೆಲಸ ಬದಲಾದ್ರೂ ಬದಲಾಗುತ್ತೆ. ಈ ಹುಡುಗಿ ಏಸಿ ಬಿಟ್ಟು ಒಲೆ ಮುಂದೆ ನಿಂತ್ರೆ ಇದೇ ಕಾಗದ ಬೇರೆ ಮಾತು ಹೇಳ್ಬಹುದು. ಆಗಾಗ ಮತ್ತೆ ನೋಡ್ತಾ ಇರ್ಬೇಕು."

ಅತ್ತೆ ತಲೆದೂಗಿದಳು. ತಾನು ತಪ್ಪು ತಿಳಿದಿದ್ದೆನೆಂಬ ಬೇಸರಕ್ಕಿಂತ ತಿಳಿಯಲು ಇನ್ನೂ ಉಳಿದಿದೆಯೆಂಬ ಸಂತೋಷವೇ ಅವಳ ಮುಖದಲ್ಲಿತ್ತು. "ಇನ್ನೊಂದು ಕೇಳ್ಲಾ? ಮೊಡವೆ ಬರೋದು ಜಿಡ್ಡಿಗಲ್ವಾ? ಇಷ್ಟು ಒಣಗಿದ ಮುಖಕ್ಕೆ ಯಾಕೆ ಬಂತು?"

"ಮೇಲೆ ಒಣಗಿದ್ರೂ ಚರ್ಮದ ರಂಧ್ರದೊಳಗೆ ಒಂದಿಷ್ಟು ಜಿಡ್ಡು ಇದ್ದೇ ಇರುತ್ತೆ. ಸತ್ತ ಚರ್ಮದ ಪುಡಿ ಬಾಗಿಲಿಗೆ ಅಡ್ಡ ಕೂತ್ರೆ ಅಷ್ಟು ಸಾಕು, ಒಳಗೇ ಕೊಳೆತು ಕೆಂಪಾಗುತ್ತೆ."

"ಹಾಗಾದ್ರೆ ಉರಿದ್ರೆ ಕೆಲಸ ಮಾಡ್ತಿದೆ ಅಂತ ಅಲ್ವಾ ಡಾಕ್ಟ್ರೇ?" ಎಂದು ಫೋನಿನವಳು ಮೆಲ್ಲನೆ ಕೇಳಿದಳು.

"ಒಲೆ ಮೇಲೆ ಕೈ ಇಟ್ರೂ ಉರಿಯುತ್ತೆ. ಅಡುಗೆ ಆಯ್ತು ಅಂತೀಯಾ?"

ಅನಂತರ ಡಾಕ್ಟರು ಒಬ್ಬೊಬ್ಬಳನ್ನೇ ಎದುರಿಗೆ ಕೂರಿಸಿಕೊಂಡಳು. ಒಲೆಯವಳು ಆ ಮುಲಾಮನ್ನು ಬಿಡಬೇಕಿಲ್ಲ, ಅವಳ ಚರ್ಮಕ್ಕೆ ಅದು ಹೊಂದಿದೆ. ಆದರೆ ಗೋಡೆಗೆ ಸುಣ್ಣ ಬಳಿದಂತೆ ಬಳಿಯದೆ ತೆಳುವಾಗಿ ಹಚ್ಚಬೇಕು, ಜಿಡ್ಡು ಹೋಗಲೆಂದು ಮುಖವನ್ನು ತಿಕ್ಕಿ ತಿಕ್ಕಿ ತೊಳೆಯಬಾರದು. ಫೋನಿನವಳು ಸದ್ಯಕ್ಕೆ ಎಲ್ಲವನ್ನೂ ನಿಲ್ಲಿಸಿ, ಮೆದುವಾದ ಸಾಬೂನಿನಿಂದ ತೊಳೆದು, ರಂಧ್ರ ಮುಚ್ಚದ ಬಗೆಯ ತೇವದ ಕ್ರೀಮನ್ನಷ್ಟೇ ಹಚ್ಚಿ ಚರ್ಮಕ್ಕೆ ಬಿಡುವು ಕೊಡಬೇಕು; ಕೆಂಪು ಇಳಿದ ಮೇಲೆ ಮೊಡವೆಗೆ ಬೇರೆಯೇ ಸೌಮ್ಯವಾದ ಔಷಧ, ಅದೂ ಮೊದಮೊದಲು ದಿನ ಬಿಟ್ಟು ದಿನ. ಗಾಡಿಯವಳ ದವಡೆಯ ಗುಳ್ಳೆಗಳು ಹೆಲ್ಮೆಟ್ಟಿನ ಪಟ್ಟಿ ಉಜ್ಜಿ ಬಂದವು; ಪಟ್ಟಿಯನ್ನು ತೊಳೆಯಬೇಕು, ಅದಕ್ಕೆ ಮೆತ್ತನೆಯ ಹತ್ತಿಬಟ್ಟೆ ಸುತ್ತಬೇಕು, ಹಣೆಗೊಂದು ದ್ರಾವಣ, ಕೆನ್ನೆಗೆ ಅದು ಬೇಡ.

"ನಿನ್ನ ಮೈಬಣ್ಣಕ್ಕೆ ಇನ್ನೊಂದು ಮಾತಿದೆ," ಎಂದಳು ಡಾಕ್ಟರು ಗಾಡಿಯವಳಿಗೆ. "ಕಪ್ಪು ಚರ್ಮದಲ್ಲಿ ಗುಳ್ಳೆ ಹೋದ್ರೂ ಅದರ ಗುರುತು ತಿಂಗಳುಗಟ್ಟಲೆ ಕೂತಿರುತ್ತೆ. ಚಿವುಟಿದ್ರೆ ಇನ್ನೂ ಗಾಢ ಆಗುತ್ತೆ. ಬಿಸಿಲಲ್ಲಿ ಓಡಾಡೋಳು, ಬಿಸಿಲು ತಡೆಯೋ ಕ್ರೀಮ್ ಮರೀಬೇಡ. ಹೊಸದು ಯಾವುದೇ ಆಗ್ಲಿ, ಮೊದಲು ಕಿವಿ ಕೆಳಗೆ ಒಂಚೂರು ಹಚ್ಚಿ ಕೆಲವು ದಿನ ಕಾದು ನೋಡಿ."

"ಅದು ನನ್ನ ಬಟ್ಟೆ ಚೂರಿನ ಹಾಗೇನೇ," ಎಂದಳು ಅತ್ತೆ.

"ಅದು ನಿಮ್ಮ ಬಟ್ಟೆ ಚೂರಿನ ಹಾಗೇನೇ," ಎಂದು ಡಾಕ್ಟರು ಒಪ್ಪಿಕೊಂಡು, ಹಣೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆ ಹುಡುಕತೊಡಗಿದಳು. "ಎರಡು ಮೂರು ತಿಂಗಳು ಹಿಡಿಯುತ್ತೆ. ಬೆಳಗಾಗೋದ್ರಲ್ಲಿ ಆಗ್ಲಿಲ್ಲ ಅಂತ ಯಾರೂ ಇನ್ನೊಬ್ಬಳ ಟ್ಯೂಬಿಗೆ ಕೈ ಹಾಕಬಾರದು."

ಕಿಟಕಿಯ ಕಟ್ಟೆಯ ಮೇಲೆ ಈಗ ಬೇರೆ ಬೇರೆ ಟ್ಯೂಬುಗಳು ನಿಂತವು. ಅವುಗಳ ಕೊರಳಿಗೆ ಅತ್ತೆ ಕೆಂಪು, ಹಳದಿ, ಹಸಿರು ನೂಲು ಸುತ್ತಿದಳು. ದಿನಗಳು ಸರಿದಂತೆ ಫೋನಿನವಳ ಕೆನ್ನೆಯ ಉರಿ ಆರಿ, ಸಿಪ್ಪೆ ನಿಂತಿತು. ಮೊಡವೆಗಳೇನೋ ಇದ್ದವು, ಸ್ಕಾರ್ಫೂ ಇತ್ತು. ಆದರೆ ಒಲೆಯವಳ ಔಷಧ ಮುಂದುವರಿದಿದ್ದರಿಂದ ಅವಳ ಗವಸಿನ ಮೇಲೆ ಹೊಸ ಮಚ್ಚೆಗಳು ಏಳುತ್ತಲೇ ಇದ್ದವು. ಹೋದ ಬಣ್ಣವಂತೂ ಯಾವ ಗವಸಿಗೂ ಮರಳಲಿಲ್ಲ.

"ನಾನೇ ಮೇಡಂಗೆ ಹೇಳ್ಬಿಡ್ತೀನಿ, ನಂದೇ ಟ್ಯೂಬು ಅಂತ," ಎಂದು ಒಲೆಯವಳು ಹೊರಟಳು. ಅತ್ತೆ ತಡೆದಳು. ಮೂರು ಗವಸುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಹಳದಿ ನೂಲಿನದು. ಒಂದು ಮಾತು ಹೊರಟರೆ, ಮುಂದಿನ ಪ್ರಶ್ನೆ ಅದರದೇ.

ಅಧ್ಯಕ್ಷೆ ಬರುವ ಹಿಂದಿನ ಸಂಜೆ ಗಂಡ ಕೇಳಿದ: "ಸೋರಿದ್ದು ಎಲ್ಲಿಂದ ಅಂತ ಗೊತ್ತಾಗಿದೆ. ಬಾಯಿ ಬಿಟ್ಟು ಹೇಳೋಕೆ ಏನು ಕಷ್ಟ?"

"ಬಟ್ಟೆ ಮೇಲಿನ ಕಲೆ ನನ್ನ ಕೈಗೆ ಬರೋದು ತೆಗೆಯೋದಕ್ಕೆ ರೀ, ಸಾರೋದಕ್ಕಲ್ಲ."

"ಕೋಣೆಗೆ ಬೀಗ ಬಿದ್ರೆ?"

ಅತ್ತೆ ಪಾತ್ರೆ ತೊಳೆಯಲು ಎದ್ದಳು. ಆತ ಅವಳನ್ನು ಕೂರಿಸಿ, ಅವಳ ಪಾಲಿನ ಪಾತ್ರೆಗಳನ್ನು ತಾನೇ ತೊಳೆದಿಟ್ಟ.

ಮರುದಿನ ಅಧ್ಯಕ್ಷೆ ಬಂದಳು. ಕೋಲೂರಿ ನಡೆಯುವ, ಕಿವಿ ಚುರುಕಾದ ವೃದ್ಧೆ. ಒಗೆತದ ಕೋಣೆಯ ಮೇಜಿನ ಮೇಲೆ ಮೇಲ್ವಿಚಾರಕಿ ಮೂರು ಗವಸುಗಳನ್ನೂ ಹರಡಿದಳು. ಬಾಗಿಲಾಚೆ ಮೂವರು ಹುಡುಗಿಯರು ನಿಂತಿದ್ದರು. ಬಟ್ಟೆ ಒಯ್ಯಲು ಬಂದವರಂತೆ ನಟಿಸುತ್ತಿದ್ದರೂ ಯಾರ ಕೈಯಲ್ಲೂ ಬಟ್ಟೆಯಿರಲಿಲ್ಲ.

"ಇದಕ್ಕೆ ಏನು ಹೇಳ್ತೀರಿ?" ಎಂದಳು ಅಧ್ಯಕ್ಷೆ.

"ನಾನು ಬ್ಲೀಚ್ ಹಾಕಿಲ್ಲ ಅಮ್ಮ. ಯಾಕೆ ಹೀಗಾಯ್ತು ಅಂತ ನಂಗೊತ್ತು. ಆದ್ರೆ ಹೇಳೋ ಹಾಗಿಲ್ಲ."

"ಗೊತ್ತಿದ್ದೂ ಹೇಳೋದಿಲ್ಲ ಅಂದ್ರೆ ಹೇಗೆ?" ಮೇಲ್ವಿಚಾರಕಿಯ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಾಗಿತ್ತು. "ನಿಮ್ಮ ಪರವಾಗಿ ಮಾತಾಡೋಕೆ ನಂಗೇನಾದ್ರೂ ಕೊಡಿ. ಇಷ್ಟೇ ಉತ್ತರ ಆದ್ರೆ ನಾನು ಏನೂ ಮಾಡೋಕಾಗಲ್ಲ."

ಅತ್ತೆ ಇಸ್ತ್ರಿಯ ಮೇಜಿನ ಅಂಚನ್ನು ಹಿಡಿದುಕೊಂಡಳು. ಆ ಅಂಚು ಅವಳ ಕೈಯ ಉಜ್ಜುವಿಕೆಯಿಂದಲೇ ನುಣುಪಾಗಿತ್ತು.

"ಅದು ಅತ್ತೆ ಹೇಳೋ ಮಾತಲ್ಲ. ನನ್ನ ಮಾತು."

ದನಿ ಸಣ್ಣದು. ಫೋನಿನವಳು ಒಳಗೆ ಬಂದಿದ್ದಳು. ಎಲ್ಲರೂ ನೋಡುತ್ತಿದ್ದಂತೆ ಸ್ಕಾರ್ಫಿನ ಗಂಟನ್ನು ಬಿಚ್ಚಿದಳು. ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲೆ, ಮೊಡವೆಗಳ ಮೇಲೆ, ಆರುತ್ತಿರುವ ಗುರುತುಗಳ ಮೇಲೆ ಬಿತ್ತು. ಅವಳು ಹಳದಿ ನೂಲಿನ ಗವಸನ್ನು ಎತ್ತಿ ಕೆನ್ನೆಗೆ ಹಿಡಿದಳು.

"ನೋಡಿ ಮೇಡಂ, ಮಚ್ಚೆ ನನ್ನ ಕೆನ್ನೆಗೇ ಸರಿಯಾಗಿ ಕೂರುತ್ತೆ. ಮೊಡವೆಗೆ ಹಚ್ಚಿದ ಮುಲಾಮು ಬಣ್ಣ ತೆಗೀತು. ನಂಗೆ ಒಗ್ಗದ ಔಷಧಿ ಹಚ್ಕೊಂಡೆ. ಯಾರಿಗೂ ಹೇಳ್ಬೇಡಿ ಅಂತ ಅತ್ತೇನ ಕೇಳ್ಕೊಂಡಿದ್ದೆ. ಅವರು ತಮ್ಮ ಕೆಲಸ ಹೋಗೋ ಹಾಗಿದ್ರೂ ಹೇಳ್ಲಿಲ್ಲ."

"ಟ್ಯೂಬು ನಂದು," ಎಂದು ಒಲೆಯವಳು ನುಗ್ಗಿ ಬಂದಳು.

"ದವಡೆ ನಂದು," ಎಂದು ಗಾಡಿಯವಳು ಹಸಿರು ನೂಲಿನದನ್ನು ಕತ್ತಿಗೆ ಸುತ್ತಿಕೊಂಡಳು.

ಅಧ್ಯಕ್ಷೆಗೆ ನಗು ಬಂತು. ಮೇಲ್ವಿಚಾರಕಿ ಮಾತ್ರ ನಗದೆ, ಫೋನಿನವಳನ್ನು ಒಮ್ಮೆ ನೋಡಿ, ತನ್ನ ಜೇಬಿನಿಂದ ನೀಲಿಯ ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟಳು. "ಇದಕ್ಕೆ ಹಚ್ಚಿ. ನಾನು ಕಣ್ಣಾರೆ ನೋಡ್ಬೇಕು." ಒಲೆಯವಳು ಓಡಿಹೋಗಿ ಟ್ಯೂಬು ತಂದು ಒಂದು ಬೊಟ್ಟು ಒತ್ತಿದಳು. ಮೇಲ್ವಿಚಾರಕಿ ಆ ಕರವಸ್ತ್ರವನ್ನು ತನ್ನ ಕೋಣೆಗೆ ತಾನೇ ಒಯ್ದಳು.

ಮರುದಿನ ಬೆಳಿಗ್ಗೆ ಅತ್ತೆ ನಲ್ಲಿ ತಿರುಗಿಸುವ ಮೊದಲೇ ಅವಳು ಮೆಟ್ಟಿಲು ಹತ್ತಿ ಬಂದಿದ್ದಳು. ಕರವಸ್ತ್ರದ ನಡುವೆ ಮಾಸಲು ಹುಣ್ಣಿಮೆ ಮೂಡಿತ್ತು.

"ಬಣ್ಣ ಹೋದದ್ದು ನಿಮ್ಮಿಂದಲ್ಲ. ಅಧ್ಯಕ್ಷೆಗೂ ಹೇಳಿದೀನಿ, ಬೀಗದ ಮಾತು ಮುಗೀತು," ಎಂದಳು ಮೇಲ್ವಿಚಾರಕಿ. ಆಮೇಲೆ ಕರವಸ್ತ್ರವನ್ನು ಮಡಿಸುತ್ತ, "ಹಳೇ ಬಿಳಿ ಗವಸುಗಳು ಇನ್ನೂ ಇದಾವಾ?" ಎಂದು ಕೇಳಿದಳು.

"ಒಂದೂ ಎಸೆದಿಲ್ಲ."

"ಬಾಗಿಲ ಪಕ್ಕದ ಕಪಾಟಿನಲ್ಲಿಡಿ. ಬಿಳಿ ಟವೆಲ್ಲುಗಳನ್ನೂ. ಬಿಳಿಗಾದ್ರೆ ಹೋಗೋಕೆ ಬಣ್ಣಾನೇ ಇಲ್ಲ. ಬೇಕಾದವರು ತಗೊಳ್ಳಲಿ. ಯಾಕೆ ಅಂತ ಯಾರೂ ಯಾರನ್ನೂ ಕೇಳೋದು ಬೇಡ. ನಾನೂ ಕೇಳೋದಿಲ್ಲ."

ಆ ಕಪಾಟಿನಿಂದ ಬಿಳಿ ಗವಸುಗಳು ಒಂದೊಂದಾಗಿ ಹೊರಟವು. ಆ ಮೂವರಿಗೆ ಮಾತ್ರವಲ್ಲ, ಅತ್ತೆ ಎಣಿಸಿರದ ಎಷ್ಟೋ ಕೋಣೆಗಳಿಗೆ ಹೋದವು. ಇಷ್ಟು ಮುಖಗಳು ಇಷ್ಟು ದಿನ ಗುಟ್ಟಾಗಿ ಉರಿಯುತ್ತಿದ್ದವಲ್ಲ ಎಂದು ಅವಳು ಬೆರಗಾದಳು. ಫೋನಿನವಳ ಸ್ಕಾರ್ಫ್ ಚಳಿಯ ದಿನಗಳಲ್ಲಷ್ಟೇ ಹೊರಬಂತು. ಮೊಡವೆಗಳು ಪೂರ್ತಿ ಹೋಗಿರಲಿಲ್ಲ. ಊಟದ ಮನೆಯಲ್ಲಿ ಅವಳು ಈಗ ದೀಪದ ಕೆಳಗಿನ ಬೆಂಚಿನಲ್ಲೇ ಕೂರುತ್ತಿದ್ದಳು. ಮಚ್ಚೆಯೆದ್ದ ಮೂರು ನೀಲಿ ಗವಸುಗಳನ್ನು ಅತ್ತೆ ಬಿಚ್ಚಿ, ಜೋಡಿಸಿ ಹೊಲಿದು, ಇಸ್ತ್ರಿಯ ಮೇಜಿಗೆ ಮೆತ್ತೆ ಮಾಡಿ ಹಾಸಿದಳು. ಅದರ ಮೇಲೆ ಬೇರೆಯವರ ಬಟ್ಟೆಗಳನ್ನು ಹರಡಿ ನಿರಿಗೆ ತೆಗೆಯುವಾಗ, ಒಂದು ಹಣೆ, ಒಂದು ಕೆನ್ನೆ, ಒಂದು ದವಡೆ ಅಲ್ಲಲ್ಲಿ ಇಣುಕುತ್ತಿದ್ದವು. ಮುಖವನ್ನು ಕೊಟ್ಟವನು ಎರಡು ಮುಖಗಳಿಗೆ ಒಂದೇ ಚರ್ಮವನ್ನು ಹೊದಿಸಲಿಲ್ಲವಲ್ಲ, ಅದೇಕಿರಬಹುದೆಂದು ಅವಳು ಅವುಗಳನ್ನು ನೋಡುತ್ತ ಯೋಚಿಸುತ್ತಿದ್ದಳು. ಉತ್ತರ ಸಿಕ್ಕಿತೆಂದು ಯಾರಿಗೂ ಹೇಳಲಿಲ್ಲ.

ಆ ತಾಯಿಯ ತೊಟ್ಟಿಗೆ ತಿಳಿನೀರು ಬತ್ತದಿರಲಿ. ಹಗ್ಗಕ್ಕೆ ಹದವಾದ ಬಿಸಿಲು ತಪ್ಪದಿರಲಿ. ಅವಳ ಕುತೂಹಲಕ್ಕೆ ಮುಪ್ಪು ಬಾರದಿರಲಿ. ಅವಳ ಮನೆಯೊಡೆಯನ ಕಣ್ಣಲ್ಲಿ ನೀರು ಬಂದರೆ ಅದು ಈರುಳ್ಳಿಯಿಂದಲೇ ಬರಲಿ. ಅವಳನ್ನು ಅತ್ತೆಯೆಂದು ಕರೆದ ಹೆಣ್ಣುಮಕ್ಕಳೆಲ್ಲರೂ ತಮಗೊಗ್ಗುವ ಮದ್ದನ್ನೂ ತಮ್ಮನ್ನು ಅರಿತ ಜನರನ್ನೂ ಪಡೆದು, ದಿಂಬಿಗೆ ಕೆನ್ನೆಯಿಟ್ಟು ಉರಿಯಿಲ್ಲದ ನಿದ್ರೆ ಮಾಡಲಿ. ಆ ಮನೆಯ ದೀಪವನ್ನು ಕಾಯುವವನು ಎಂದೆಂದಿಗೂ ಕಾಯಲಿ.